ಅಪರೂಪಕ್ಕೆ ಹೊಳೆಗಿಳಿಯುವವರ ಗಾಳದ ಕೋಲು

ಎರೆಹುಳುವನ್ನು ಸಿಕ್ಕಿಸಿದ ಗಾಳವನ್ನು ಸೀಸದ ಗುಂಡಿನ ಭಾರದಿಂದ ಮಡುವಿಗೆಸೆದು ಕಾಯುವುದನ್ನೇ ಕಂಡು ಬಲ್ಲ ನಮಗೆ, ಇಂಗ್ಲೆಂಡು ಅಮೆರಿಕಗಳ ತಣ್ಣನೆಯ ತೊರೆಗಳಲ್ಲಿ ಟ್ರೌಟ್ ಮೀನಿಗಾಗಿ ನಡೆಯುವ ಫ್ಲೈ ಫಿಶಿಂಗ್ ಎಂಬ ಪದ್ಧತಿಯಲ್ಲಿ ಬೀಸಿ ಎಸೆಯುವುದು ಗಾಳವನ್ನಲ್ಲ, ದಾರವನ್ನು ಎಂಬ ಸಂಗತಿ ಮೊದಲಿಗೆ ವಿಚಿತ್ರವಾಗಿ ತೋರದಿರದು. ಗರಿ, ತುಪ್ಪಳ, ನೂಲೆಳೆಗಳನ್ನು ಕೊಕ್ಕೆಗೆ ಸುತ್ತಿ ರಚಿಸಿದ ಕೃತಕ ನೊಣಕ್ಕೆ ಗಾಳಿಯನ್ನು ಸೀಳಿ ಹೋಗುವಷ್ಟು ತೂಕವೇ ಇಲ್ಲವಾದ ಕಾರಣ, ಆ ತೂಕವನ್ನು ದಾರದಲ್ಲಿಯೇ ಇರಿಸಿ, ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿ, ದಾರವು ನೀಳವಾದ ಕುಣಿಕೆಯಾಗಿ ಬಿಚ್ಚಿಕೊಳ್ಳುತ್ತ ನೊಣವನ್ನು ತನ್ನೊಡನೆ ಒಯ್ದು ನೀರಿನ ಮೇಲೆ ಮೃದುವಾಗಿ ಇಳಿಸುವಂತೆ ಮಾಡುವುದೇ ಈ ವಿದ್ಯೆಯ ಮರ್ಮ. ಕೋಲು ದಾರವನ್ನು ಎಸೆಯುವ ಉಪಕರಣ, ರೀಲು ಅದನ್ನು ಸುತ್ತಿಡುವ ಉಪಕರಣ ಎಂಬಿಷ್ಟನ್ನು ಮನಗಂಡವರು ಅಂಗಡಿಯಲ್ಲಿ ಹಣವನ್ನು ವ್ಯರ್ಥ ಮಾಡಲಾರರು.

ದಾರದ ತೂಕಕ್ಕೆ ಒಂದು ನಿಶ್ಚಿತವಾದ ಅಳತೆಯಿದೆ. ಅಮೆರಿಕದ ಮೀನುಗಾರಿಕೆಯ ಸಾಮಗ್ರಿಗಳ ತಯಾರಕರು 1961ರಲ್ಲಿ ಗೊತ್ತುಪಡಿಸಿದ ಕ್ರಮದಂತೆ, ದಾರದ ಮೊದಲ 30 ಅಡಿಗಳ ತೂಕವನ್ನನುಸರಿಸಿ ಅದಕ್ಕೊಂದು ಸಂಖ್ಯೆಯನ್ನು ಕೊಡುತ್ತಾರೆ. 5ನೆಯ ಸಂಖ್ಯೆಯ ದಾರಕ್ಕೆ ಆ ತೂಕ 140 ಗ್ರೇನು, ಎಂದರೆ ಸುಮಾರು 9 ಗ್ರಾಂ. ಕೋಲಿನ ಹಿಡಿಯ ಮೇಲ್ಭಾಗದಲ್ಲಿ ಅದೇ ಸಂಖ್ಯೆಯನ್ನು ಬರೆದಿರುತ್ತಾರೆ, ಮತ್ತು ಎರಡೂ ಸಂಖ್ಯೆಗಳು ಹೊಂದಬೇಕು. ಪೊದೆಗಳು ಬಾಗಿ ನಿಂತ ಕಿರುತೊರೆಗೆ ಏಳೂವರೆ ಅಡಿಯ, 3ನೆಯ ಸಂಖ್ಯೆಯ ಕೋಲು ಹಿತವಾದರೂ, ವರ್ಷಕ್ಕೆ ಕೆಲವೇ ದಿನ ನೀರಿಗಿಳಿಯುವವರು ಒಂದೇ ಕೋಲಿನಲ್ಲಿ ಹೊಳೆ ಕೆರೆಗಳೆರಡನ್ನೂ ಸುಧಾರಿಸಿಕೊಳ್ಳಬೇಕಾದುದರಿಂದ, ನಾಲ್ಕು ತುಂಡುಗಳಾಗಿ ಬಿಚ್ಚಬಹುದಾದ, 9 ಅಡಿ ಉದ್ದದ, 5ನೆಯ ಸಂಖ್ಯೆಯ ಕೋಲನ್ನೇ ನಾನು ಹೇಳುವೆನು.

ಕೋಲಿನ ದ್ರವ್ಯದ ಚರಿತ್ರೆಯೂ ಸ್ವಾರಸ್ಯವಾದುದೇ. ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ ಬೆಳೆಯುವ ಬಿದಿರನ್ನು ಸೀಳಿ, ಆರು ಸೀಳುಗಳನ್ನು ಷಟ್ಕೋನಾಕೃತಿಯಲ್ಲಿ ಅಂಟಿಸಿ ಮಾಡಿದ ಕೋಲುಗಳೇ ಬಹುಕಾಲ ಉತ್ತಮವೆನಿಸಿದ್ದವು. 1950ರಲ್ಲಿ ಅಮೆರಿಕವು ಚೀನದೊಡನೆ ವ್ಯಾಪಾರವನ್ನು ನಿಷೇಧಿಸಿದಾಗ ಆ ಬಿದಿರಿನ ಆಮದು ನಿಂತು, ಆಗಲೇ ತಲೆಯೆತ್ತಿದ್ದ ಗಾಜಿನ ನಾರಿನ ಕೋಲು ಮುಂದೆ ಬಂತು; 1973ರಲ್ಲಿ ಫೆನ್ವಿಕ್ ಸಂಸ್ಥೆಯು ಇಂಗಾಲದ ನಾರಿನ, ಅಂದರೆ ಗ್ರಾಫೈಟಿನ ಕೋಲನ್ನು ಹೊರತಂದ ಬಳಿಕ ಅದೂ ಹಿಂದೆ ಸರಿಯಿತು. ಇಂದು ಗ್ರಾಫೈಟಿನ ಕೋಲಿಗೆ ಸಾವಿರ ಡಾಲರುಗಳಾಚೆಯೂ ಬೆಲೆಯುಂಟು. ಆ ಅಧಿಕ ಬೆಲೆಯ ಕೋಲುಗಳಲ್ಲಿ ಬಹಳಷ್ಟು ಬಿರುಸಾದವು, ತುದಿಯಲ್ಲಿ ಮಾತ್ರ ಬಾಗಿ ಥಟ್ಟನೆ ನೇರವಾಗುವಂಥವು. ಪಳಗಿದ ಕೈಗೆ ಅವು ದೂರವನ್ನು ಕೊಡುತ್ತವೆ, ಪಳಗದ ಕೈಯ ತಪ್ಪನ್ನಾದರೋ ಅಷ್ಟೇ ನಿಷ್ಠುರವಾಗಿ ಎತ್ತಿ ತೋರುತ್ತವೆ. ಟ್ರೌಟ್ ಮೀನು ಸಾಮಾನ್ಯವಾಗಿ ಸಿಕ್ಕುವುದು ಮೂವತ್ತು ನಾಲ್ವತ್ತು ಅಡಿಗಳೊಳಗೆ. ನಡುವಿನವರೆಗೂ ಬಾಗುವ, ತನ್ನ ಮೇಲೆ ದಾರದ ಭಾರ ಬಿದ್ದುದನ್ನು ಅಂಗೈಗೆ ತಿಳಿಸುವ ಮಧ್ಯಮ ಬಿಗಿಯ ಕೋಲು ಆ ದೂರಕ್ಕೆ ಧಾರಾಳವಾಗಿ ಸಾಲುತ್ತದೆ, ಅಂಥದು ಇನ್ನೂರು ಮುನ್ನೂರು ಡಾಲರಿಗೇ ದೊರೆಯುತ್ತದೆ. ಅಂಗಡಿಯೊಳಗೆ ಬರಿಯ ಕೋಲನ್ನು ಅಲುಗಿಸಿ ನೋಡಿ ತೀರ್ಮಾನಿಸುವುದು ಮಾತ್ರ ಸಲ್ಲದು; ದಾರವನ್ನು ಪೋಣಿಸಿಕೊಂಡು, ಹುಲ್ಲುಹಾಸಿನ ಮೇಲೆ ಮೂವತ್ತು ಅಡಿ ಎಸೆದು ನೋಡಲು ಬಿಡುವ ಅಂಗಡಿಯವನೇ ನಂಬಿಕೆಗೆ ಅರ್ಹನು.

ರೀಲಿನ ವಿಷಯದಲ್ಲಿ ಇಷ್ಟು ತಲೆಕೆಡಿಸಿಕೊಳ್ಳಬೇಕಾದುದಿಲ್ಲ. ವರ್ಮಾಂಟ್ ಸಂಸ್ಥಾನದ ಚಾರ್ಲ್ಸ್ ಆರ್ವಿಸ್ 1874ರಲ್ಲಿ ಪೇಟೆಂಟ್ ಪಡೆದ, ಪಕ್ಕಗಳಲ್ಲಿ ರಂಧ್ರಗಳುಳ್ಳ ಕಿರಿದಗಲದ ರೀಲಿನ ರೂಪವೇ ಇಂದಿನವುಗಳಲ್ಲಿಯೂ ಬಹುಮಟ್ಟಿಗೆ ಉಳಿದಿದೆ. ಸಣ್ಣ ಟ್ರೌಟನ್ನು ಬೆರಳುಗಳಿಂದಲೇ ದಾರವನ್ನು ಸೆಳೆದು ದಡಕ್ಕೆ ತರುವುದು ವಾಡಿಕೆಯಾದುದರಿಂದ, ಬಲವಾದ ಬ್ರೇಕಿಗಾಗಿ ಹೆಚ್ಚು ಬೆಲೆ ತೆರುವುದು ಅನಾವಶ್ಯಕ. ಉರುಳೆಯ ನಡುಭಾಗ ದಪ್ಪವಾಗಿದ್ದರೆ ದಾರ ಬಿಗಿಯಾಗಿ ಸುರುಳಿಗಟ್ಟದು. ಹಿಡಿಕೆಯನ್ನು ಎಡಕ್ಕೋ ಬಲಕ್ಕೋ ಬದಲಿಸಿಕೊಳ್ಳುವಂತಿರಬೇಕು. ಉರುಳೆ ಓಲಾಡದೆ ಸಮವಾಗಿ ತಿರುಗಬೇಕು. ರೀಲಿನಲ್ಲಿ ಉಳಿಸಿದ ಹಣವನ್ನು ದಾರಕ್ಕೆ ವೆಚ್ಚ ಮಾಡುವುದು ಲೇಸು. ಮುಂಭಾಗ ಭಾರವಾಗಿದ್ದು ನೀರಿನ ಮೇಲೆ ತೇಲುವ ಒಳ್ಳೆಯ ದಾರವು ಸಾಧಾರಣ ಕೋಲನ್ನೂ ಮೇಲೆತ್ತುತ್ತದೆ, ಆದರೆ ಕೀಳಾದ ದಾರದಿಂದ ಎಂಥ ಉತ್ಕೃಷ್ಟವಾದ ಕೋಲೂ ನಿಷ್ಪ್ರಯೋಜಕವಾಗುತ್ತದೆ. ಕೋಲು, ರೀಲು, ದಾರಗಳನ್ನು ಒಟ್ಟಾಗಿ ಮಾರುವ ಕಟ್ಟುಗಳಲ್ಲಿ ಮೊದಲು ಪರೀಕ್ಷಿಸಬೇಕಾದುದು ದಾರವನ್ನೇ.

ಈ ಸಾಮಗ್ರಿಯನ್ನು ಹೊತ್ತು ಬರುವ ಕನ್ನಡಿಗರಿಗೆ ಕಾಶ್ಮೀರದಲ್ಲಿಯೂ, ಹಿಮಾಚಲದ ತೀರ್ಥನ್ ಹೊಳೆಯಲ್ಲಿಯೂ ಟ್ರೌಟ್ ಉಂಟು. ಮೀನುಗಾರಿಕೆ ಇಲಾಖೆಯ ಪರವಾನಗಿಯನ್ನು ಪಡೆದುಕೊಳ್ಳಬೇಕು. ನಮ್ಮ ನಾಡಿಗೂ ಗಾಳದ ಸಾಹಿತ್ಯದಲ್ಲಿ ಸ್ಥಾನವಿಲ್ಲದಿಲ್ಲ: ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸರ ‘ದಿ ರಾಡ್ ಇನ್ ಇಂಡಿಯಾ’ ಗ್ರಂಥವು 1873ರಲ್ಲಿ ಮಂಗಳೂರಿನಿಂದಲೇ ಹೊರಬಂದಿತು. ಆದರೆ ಕಾವೇರಿಯ ಮಹಶೀರ್ ಮೀನಿನ ಸೆಳೆತಕ್ಕೆ ಟ್ರೌಟಿನ ಈ ಕೋಲು ತಡೆಯದು. ಮೇಲಾಗಿ ಆ ಹೊಳೆಯ ದಿಣ್ಣೆಬೆನ್ನಿನ ಮಹಶೀರನ್ನು 2018ರಲ್ಲಿ ಅಳಿವಿನಂಚಿನ ಅತ್ಯಂತ ಗಂಭೀರ ವರ್ಗಕ್ಕೆ ಸೇರಿಸಿರುವುದರಿಂದ, ಅದರ ಬೆನ್ನು ಹತ್ತುವ ಯೋಚನೆಯನ್ನೇ ಸದ್ಯಕ್ಕೆ ಬಿಡತಕ್ಕದ್ದು.