ಮನೆಯ ಪೀಠೋಪಕರಣಗಳು: ಹಳತು ಮತ್ತು ಹೊಸತು

ನಮ್ಮ ಕಾಸರಗೋಡು ಸೀಮೆಯಲ್ಲಿ ಹಿರಿಯರು ಕಟ್ಟಿಸಿದ ನಾಲ್ಕು ಸುತ್ತಿನ ಮನೆಗಳು ಒಂದೊಂದಾಗಿ ಇಳಿಯುತ್ತಿವೆ. ಪಾಲುಪಟ್ಟಿಯಾಗಿ ತಾರಸಿಯ ಮನೆ ಏಳುವ ಹೊತ್ತಿಗೆ, ಭತ್ತ ತುಂಬುತ್ತಿದ್ದ ಪತ್ತಾಯ, ಅಜ್ಜನ ಮಂಚ, ಉದ್ದ ಕೈಗಳ ಬೆತ್ತದ ಆರಾಮ ಕುರ್ಚಿ ಇವೆಲ್ಲ ಅಂಗಳಕ್ಕೆ ಬರುತ್ತವೆ. ಗುಜರಿ ವ್ಯಾಪಾರಿಯು ಕೇಳಿದ ಬೆಲೆಗೆ ಅವು ಲಾರಿ ಏರುತ್ತವೆ. ಅದೇ ವಾರ ಪೇಟೆಯಿಂದ ಥಳಥಳಿಸುವ ಹೊಸ ಕಪಾಟು ಬಂದಿಳಿಯುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಕಪಾಟಿನ ಬುಡ ಊದಿಕೊಂಡು, ಬಾಗಿಲು ಮುಚ್ಚದಂತಾಗುತ್ತದೆ. ಪೋಷಕರಲ್ಲಿ ಹಲವರಿಗೆ ಇದರ ಅನುಭವವಿದ್ದೀತು. ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಕೊಳ್ಳಬೇಕು ಎಂಬ ವಿಷಯವಾಗಿ ಕೆಲವು ಸಂಗತಿಗಳನ್ನು ಇಲ್ಲಿ ನಿವೇದಿಸಬಯಸುತ್ತೇವೆ. ಮುಂದೆ ಮನೆ ಹೂಡಲಿರುವ ವಿದ್ಯಾರ್ಥಿಗಳೂ ಇದನ್ನು ಓದಬೇಕೆಂದು ನಮ್ಮ ಅಪೇಕ್ಷೆ.

ವ್ಯಾಪಾರಿಗಳು ಆಂಟಿಕ್, ವಿಂಟೇಜ್ ಎಂಬ ಎರಡು ಮಾತುಗಳನ್ನು ಧಾರಾಳವಾಗಿ ಬಳಸುತ್ತಾರೆ. ನೂರು ವರ್ಷಕ್ಕೆ ಕಡಿಮೆಯಲ್ಲದ ವಸ್ತುವನ್ನು ಆಂಟಿಕ್, ಅರ್ಥಾತ್ ಪುರಾತನ, ಎನ್ನುವುದು ವಾಡಿಕೆ. ವಿಂಟೇಜ್ ಎಂಬುದು ಮೂಲತಃ ದ್ರಾಕ್ಷಾರಸದ ವ್ಯಾಪಾರಕ್ಕೆ ಸೇರಿದ ಮಾತು. ಯಾವ ವರ್ಷದ ದ್ರಾಕ್ಷಿಯ ಬೆಳೆ ಎಂಬುದನ್ನು ಅದು ಸೂಚಿಸುತ್ತಿತ್ತು. ಈಗ ನೂರು ತುಂಬದ, ಆದರೆ ಒಂದು ತಲೆಮಾರಿನಷ್ಟಾದರೂ ಹಳೆಯದಾದ ಸಾಮಾನಿಗೆ ಆ ಹೆಸರು ಸಲ್ಲುತ್ತಿದೆ. ನಮ್ಮ ದೇಶದ ಕಾನೂನೂ ನೂರು ವರ್ಷದ ಗಡಿಯನ್ನೇ ಹಿಡಿದಿದೆ. 1972ರ ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮದ ಪ್ರಕಾರ ನೂರು ವರ್ಷ ಕಳೆದ ಕಲೆ ಅಥವಾ ಕುಶಲ ಕೆಲಸದ ವಸ್ತು ಪುರಾವಸ್ತುವೆನಿಸುತ್ತದೆ. ಅದನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಅದರ ವ್ಯಾಪಾರ ನಡೆಸುವವನಿಗೆ ಪರವಾನಗಿ ಬೇಕು. ಮುತ್ತಜ್ಜನ ಕಾಲದ ಕೆತ್ತನೆಯ ಪೆಟ್ಟಿಗೆಯನ್ನು ಮಾರುವವರು ಇದನ್ನು ತಿಳಿದಿರುವುದು ಲೇಸು.

ಆದರೆ ವಯಸ್ಸೊಂದೇ ಒಂದು ಕುರ್ಚಿಯ ಯೋಗ್ಯತೆಯನ್ನು ನಿರ್ಧರಿಸಲಾರದು. ನೂರು ವರ್ಷದ ಹಿಂದೆಯೂ ಕೆಟ್ಟ ಕೆಲಸ ಮಾಡಿದ ಆಚಾರಿಗಳಿದ್ದರು. ಅವರ ಕೈಕೆಲಸ ಬಹುಪಾಲು ಒಲೆ ಸೇರಿದ್ದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ನೋಡಬೇಕಾದವು ಮರ, ಜೋಡಣೆ, ಉಪಯೋಗ ಈ ಮೂರು.

ಮರವು ಕಡಿದ ಮೇಲೂ ಸುಮ್ಮನಿರುವುದಿಲ್ಲ. ಮಳೆಗಾಲದಲ್ಲಿ ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಈ ಹಿಗ್ಗು-ಕುಗ್ಗು ಹಲಗೆಯ ಅಗಲದಲ್ಲಿ ಕಾಣುತ್ತದೆಯೇ ಹೊರತು ಉದ್ದದಲ್ಲಿ ಬಹುಮಟ್ಟಿಗೆ ಇಲ್ಲವೆಂದೇ ಹೇಳಬಹುದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಈ ಒಂದು ಧರ್ಮವನ್ನರಿತು ಕೆಲಸ ಮಾಡುವವನೇ ಆಚಾರಿ. ಹಳೆಯ ಕಪಾಟಿನ ಬಾಗಿಲನ್ನು ನೋಡಿರಿ: ಸುತ್ತಲೂ ದಪ್ಪ ಚೌಕಟ್ಟು, ಅದರ ಒಳಗಂಚಿನ ಗಾಡಿಯಲ್ಲಿ ತೆಳುವಾದ ಹಲಗೆಯನ್ನು ಅಂಟಿಲ್ಲದೆ, ಮೊಳೆಯಿಲ್ಲದೆ ಕೂರಿಸಿದ್ದಾರೆ. ಆಷಾಢದಲ್ಲಿ ಹಲಗೆ ಹಿಗ್ಗಿದರೆ ಗಾಡಿಯೊಳಗೇ ಸರಿಯುತ್ತದೆ, ಬಾಗಿಲು ಬಿರಿಯುವುದಿಲ್ಲ. ಕಾಲುಗಳ ಜೋಡಣೆಯೂ ಅಂತೆಯೇ. ಒಂದು ಮರದಲ್ಲಿ ಚೌಕನೆಯ ಕುಳಿ ಕೊರೆದು, ಇನ್ನೊಂದರ ತುದಿಯನ್ನು ನಾಲಿಗೆಯಂತೆ ಕೆತ್ತಿ ಒಳಗೆ ತೂರಿಸಿ, ಮೇಲಿಂದ ಮರದ ಮೊಳೆ ಬಡಿದಿರುತ್ತಾರೆ. ಸಡಿಲವಾದರೆ ಬಿಚ್ಚಿ ಮತ್ತೆ ಬಿಗಿಯಬಹುದು. ಕಬ್ಬಿಣದ ಮೊಳೆಯಾದರೋ ನಮ್ಮ ಉಪ್ಪುಗಾಳಿಗೆ ತುಕ್ಕು ಹಿಡಿದು ಮರವನ್ನೂ ಕೆಡಿಸುತ್ತದೆ.

ನಮ್ಮ ಕಡೆಯ ಹಳೆಯ ಸಾಮಾನುಗಳಲ್ಲಿ ಹಲಸು, ತೇಗ, ಬೀಟೆ ಈ ಮೂರು ಮರಗಳಿಗೆ ಅಗ್ರಸ್ಥಾನ. ಹಲಸಿನ ಚೇಗು ಹೊಸತಿನಲ್ಲಿ ಅರಸಿನದಂತೆ ಹಳದಿಯಾಗಿದ್ದು, ಗಾಳಿ ಬೆಳಕು ತಾಗುತ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಕಟ್ಟಲು ಈ ಮರದ ಚಕ್ಕೆಯನ್ನು ಕುದಿಸುತ್ತಿದ್ದರು. ತೇಗದಲ್ಲಿ ಸಹಜವಾಗಿರುವ ಎಣ್ಣೆಯಂಶ ಗೆದ್ದಲನ್ನು ದೂರವಿಡುತ್ತದೆ. ಇಂಗ್ಲಿಷರು ಹಡಗುಗಳಿಗಾಗಿ ಮಲಬಾರಿನ ತೇಗವನ್ನು ಕಡಿದು ಕಡಿದು, ಕೊನೆಗೆ 1840ರ ದಶಕದಲ್ಲಿ ನಿಲಂಬೂರಿನಲ್ಲಿ ತೇಗದ ತೋಟವನ್ನೇ ಹಾಕಬೇಕಾಯಿತು. ಬೀಟೆಯಂತೂ ಈಗ ದುರ್ಲಭ. ಅದು ಸೇರಿದ ಮರಗಳ ವರ್ಗವನ್ನೇ 2017ರಿಂದ ಅಂತಾರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಒಳಪಡಿಸಲಾಗಿದೆ. ಆದುದರಿಂದ ಮನೆಯಲ್ಲಿರುವ ಬೀಟೆಯ ಮಂಚವನ್ನು ಹಣ ಕೊಟ್ಟರೂ ಮತ್ತೆ ಮಾಡಿಸುವುದು ಸುಲಭವಲ್ಲ. ಒಂದು ಎಚ್ಚರಿಕೆ: ಬಾಳಿಕೆಯ ಈ ಗುಣವೆಲ್ಲ ಚೇಗಿನದು. ಹೊರಗಿನ ಬಿಳಿಯ ಭಾಗ ತೇಗದ್ದಾದರೂ ಕುಟ್ಟೆಹುಳಕ್ಕೆ ಆಹಾರವೇ.

ಹಳತೆಂದು ಹೇಳಿ ಹೊಸತನ್ನು ಮಾರುವವರೂ ಇದ್ದಾರೆ. ಕೊಳ್ಳುವವರು ಸಾಮಾನಿನ ಮುಖವನ್ನು ನೋಡದೆ ಅದರ ಅಡಿಯನ್ನೂ ಬೆನ್ನನ್ನೂ ನೋಡಬೇಕು. ಕೈಗರಗಸದ ಗೆರೆ ನೇರ. ಯಂತ್ರದ ಚಕ್ರಗರಗಸದ್ದು ಬಿಲ್ಲಿನಂತೆ ಬಾಗಿದ್ದು. ಕೈಯಿಂದ ಕೆತ್ತಿದ ಜೋಡಣೆಯ ಹಲ್ಲುಗಳು ಒಂದರಂತೆ ಒಂದಿರುವುದಿಲ್ಲ. ತಲೆಯ ಮೇಲೆ ಕೂಡಿಸುವ ಚಿಹ್ನೆಯಂತಹ ಗೀರುಳ್ಳ ತಿರುಪುಮೊಳೆ 1930ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಇನ್ನೂರು ವರ್ಷದ್ದೆನ್ನುವ ಪೆಟ್ಟಿಗೆಯಲ್ಲಿ ಅದು ಕಂಡರೆ ಒಂದೆರಡು ಪ್ರಶ್ನೆ ಕೇಳಬೇಕಾಗುತ್ತದೆ. ವಿದ್ಯಾರ್ಥಿಗಳು ತಾವೇ ಮಾಡಬಹುದಾದ ಪರೀಕ್ಷೆಯೂ ಒಂದಿದೆ. ಇಡೀ ಹಲಗೆಯಿಂದ ಮಾಡಿದ ಹಳೆಯ ದುಂಡುಮೇಜಿನ ವ್ಯಾಸವನ್ನು ನಾರಿನ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಅಳೆಯಿರಿ. ಅಡ್ಡಳತೆ ತುಸು ಕಡಿಮೆ ಬಂದೀತು. ಅಗಲದಲ್ಲಿ ಮಾತ್ರ ಕುಗ್ಗುವ ಮರ ವೃತ್ತವನ್ನು ಕಾಲಕ್ರಮದಲ್ಲಿ ದೀರ್ಘವೃತ್ತವಾಗಿಸುತ್ತದೆ!

ನಡುಗಾಲದ ಸಾಮಾನುಗಳ ವಿಷಯದಲ್ಲಿ ಚಂಡೀಗಢದ ಕಥೆ ಮನನೀಯ. 1950ರ ದಶಕದಲ್ಲಿ ಆ ನಗರವನ್ನು ಕಟ್ಟುವಾಗ, ಕಚೇರಿಗಳಿಗೂ ವಿಶ್ವವಿದ್ಯಾನಿಲಯಕ್ಕೂ ಬೇಕಾದ ಕುರ್ಚಿ ಮೇಜುಗಳನ್ನು ಪಿಯರ್ ಜೆನರೆ ಎಂಬ ವಾಸ್ತುಶಿಲ್ಪಿ ರೂಪಿಸಿದರು. ತೇಗದ ಮರ, ಬೆತ್ತದ ಹೆಣಿಗೆ, ಕತ್ತರಿಯಂತೆ ತೆರೆದ ಕಾಲುಗಳು. ಮಾಡಿದವರು ನಮ್ಮ ದೇಶದ ಬಡಗಿಗಳೇ. ಮುರಿದ ಕುರ್ಚಿಗಳು ಕಚೇರಿಗಳ ಹಿಂದೆ ರಾಶಿ ಬಿದ್ದು, ಗುಜರಿಯ ಬೆಲೆಗೆ ಹರಾಜಾದವು. ಕೊಂಡವರು ದುರಸ್ತಿ ಮಾಡಿಸಿ ವಿದೇಶದ ಹರಾಜುಗಳಲ್ಲಿ ಲಕ್ಷಾಂತರ ರೂಪಾಯಿಗೆ ಮಾರಿದರು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯವು ಈ ಪೀಠೋಪಕರಣಗಳ ಮಾರಾಟವನ್ನು ನಿಷೇಧಿಸಬೇಕಾಯಿತು. ನೂರು ತುಂಬದ ಕಾರಣ 1972ರ ಅಧಿನಿಯಮ ಅವುಗಳಿಗೆ ಅನ್ವಯಿಸುತ್ತಿರಲಿಲ್ಲ. ನಮ್ಮ ಮನೆಯ ಕುರ್ಚಿಗೆ ಅಂತಹ ಬೆಲೆ ಬಂದೀತೆಂದು ಇದನ್ನು ಹೇಳುತ್ತಿಲ್ಲ. ಒಂದು ಕಾಲು ಅಲುಗಿದ ಮಾತ್ರಕ್ಕೆ ಕುರ್ಚಿ ಗುಜರಿಯಾಗುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಹಾಗೆಂದು ಹೊಸತೆಲ್ಲ ಹುಸಿ ಎನ್ನುವ ಪಂಥ ನಮ್ಮದಲ್ಲ. 1859ರಲ್ಲಿ ಮಿಖಾಯೆಲ್ ತೋನೆಟ್ ಎಂಬಾತನು ಬೀಚ್ ಮರದ ಕೋಲುಗಳನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸಿ, ಆರು ಮರದ ತುಂಡು, ಹತ್ತು ತಿರುಪುಗಳಿಂದ ಒಂದು ಕುರ್ಚಿಯನ್ನು ಕಾರ್ಖಾನೆಯಲ್ಲಿ ತಯಾರಿಸಿದನು. ಬಿಚ್ಚಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಮೂವತ್ತಾರು ಕುರ್ಚಿ ಹಿಡಿಯುತ್ತಿದ್ದವು. ಇಂತಹ ಬಾಗುಮರದ ಕುರ್ಚಿಗಳೇ ಮುಂಬಯಿಯ ಇರಾನಿ ಹೋಟೆಲುಗಳಲ್ಲಿ ತಲೆಮಾರುಗಳ ಕಾಲ ಗಿರಾಕಿಗಳ ಭಾರ ಹೊತ್ತವು. ಯಂತ್ರದಿಂದಾದದ್ದು ಬಾಳದು ಎಂಬ ಮಾತಿಗೆ ಇದೇ ಉತ್ತರ.

ಇಂದಿನ ಅಂಗಡಿಯ ಸಾಮಾನಿನಲ್ಲಿ ಮುಖ್ಯವಾಗಿ ಕೇಳಬೇಕಾದದ್ದು ಹೊರಹಾಳೆಯ ಒಳಗೇನಿದೆ ಎಂಬುದು. ಮರದ ಚೂರುಗಳನ್ನು ರಾಳದ ಅಂಟಿನೊಡನೆ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡು ಅಗ್ಗ. ಒಣ ಹವೆಯ ಊರಿಗೆ ನಡೆದೀತು. ನೆಲ ಒರೆಸಿದ ನೀರು ಅದರ ಅಂಚಿಗೆ ಹತ್ತಿದರೆ ಒಮ್ಮೆ ಊದಿದ್ದು ಮತ್ತೆ ಇಳಿಯದು. ತಿರುಪುಗಳು ಹಿಡಿತ ಬಿಡುತ್ತವೆ. ಆ ಅಂಟಿನಿಂದ ಹೊರಡುವ ಫಾರ್ಮಾಲ್ಡಿಹೈಡ್ ಅನಿಲವೂ ಆರೋಗ್ಯಕ್ಕೆ ಹಿತವಲ್ಲ. ಕಣ್ಣುರಿಸುವ ವಾಸನೆಯ ಕಪಾಟನ್ನು ಮಕ್ಕಳು ಮಲಗುವ ಕೋಣೆಯಲ್ಲಿ ಇಡಬಾರದು. ಪ್ಲೈವುಡ್ಡು ಇದಕ್ಕಿಂತ ಎಷ್ಟೋ ಮೇಲು. ಅದರಲ್ಲಿ ಪದರಗಳ ನಾರು ಒಂದಕ್ಕೊಂದು ಅಡ್ಡವಾಗಿರುವುದರಿಂದ ಹಿಗ್ಗು-ಕುಗ್ಗು ತಡೆಯುತ್ತದೆ. ನೀರಿನ ಸೋಂಕಿರುವ ಅಡಿಗೆಮನೆಗೆ ಐಎಸ್ 710 ಎಂಬ ಮುದ್ರೆಯುಳ್ಳದ್ದೇ ಆಗಬೇಕು.

ಉಪಯೋಗದ ವಿಷಯದಲ್ಲಿ ಪೋಷಕರಿಗೆ ಒಂದು ಮಾತು. ಬಂದುಹೋಗುವ ನೆಂಟರಿಗಾಗಿ ಜಗಲಿಯನ್ನೆಲ್ಲ ತುಂಬುವ ಸೋಫಾ ತರುವವರ ಮನೆಯಲ್ಲೂ, ಮಗು ನೆಲದ ಮೇಲೆ ಬೋರಲು ಮಲಗಿ ಬರೆಯುವುದುಂಟು. ಹಣವಿದ್ದರೆ ಮೊದಲು ಬರೆಯುವ ಮೇಜು ಬರಲಿ. ಮೇಜಿನ ಎತ್ತರ ಸುಮಾರು 75 ಸೆಂಟಿಮೀಟರು, ಕುರ್ಚಿಯದು 45 ಎಂಬುದು ದೊಡ್ಡವರ ಲೆಕ್ಕ. ಚಿಕ್ಕವರ ಪಾದ ನೆಲಕ್ಕೆ ಪೂರ್ತಿ ಊರದಿದ್ದರೆ ಕೆಳಗೊಂದು ಮಣೆಯಿಟ್ಟರಾಯಿತು. ಅಟ್ಟದ ಮೇಲೆ ಬಿದ್ದಿರುವ ಊಟದ ಮಣೆ ಇದಕ್ಕೆ ಸಾಕು.

ಇನ್ನು ಉಳಿಸಿಕೊಂಡ ಹಳೆಯದರ ಆರೈಕೆ. ಕುಟ್ಟೆ ಹಿಡಿದಿದೆಯೇ ಎಂದು ತಿಳಿಯಲು ಅಡಿಯಲ್ಲಿ ಒಂದು ಕಪ್ಪು ಕಾಗದ ಹಾಸಿ ವಾರ ಬಿಟ್ಟು ನೋಡಿರಿ. ಹೊಸ ಹುಡಿ ಉದುರಿದ್ದರೆ ಹುಳ ಜೀವಂತವಾಗಿದೆ. ಅರಗಿನ ಹಳೆಯ ಪಾಲಿಶನ್ನು ಉಜ್ಜಿ ತೆಗೆದು ಹೊಸ ಬಣ್ಣ ಬಳಿಯುವ ಆತುರ ಬೇಡ. ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಎಷ್ಟೋ ಸಲ ಅದೇ ಹೊಳಪು ಮರಳುತ್ತದೆ. ಆರಾಮ ಕುರ್ಚಿಯ ಬೆತ್ತ ಹರಿಯದೆ ಬರಿದೇ ಜೋತಿದ್ದರೆ, ಒದ್ದೆ ಬಟ್ಟೆಯಿಂದ ಅದರ ಅಡಿಭಾಗವನ್ನು ಚೆನ್ನಾಗಿ ನೆನೆಸಿ, ಯಾರೂ ಕುಳಿತುಕೊಳ್ಳದಂತೆ ನೆರಳಿನಲ್ಲಿ ಒಣಗಬಿಡಬೇಕು. ಒಣಗುತ್ತ ಅದು ತಾನೇ ಬಿಗಿದುಕೊಳ್ಳುತ್ತದೆ.