ಗೋಧಿ ಹುಲ್ಲಿನ ರಸ: ಗುಣವೆಷ್ಟು, ಮಿತಿಯೆಷ್ಟು?

ನವರಾತ್ರಿಯ ಘಟಸ್ಥಾಪನೆಯಲ್ಲಿ ಬಿತ್ತಿದ ಗೋಧಿಯು ಒಂಬತ್ತು ದಿನಗಳಲ್ಲಿ ಹಸಿರು ಪೈರಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅಂಥ ಎಳೆಯ ಪೈರಿನ ರಸವು ಈಗ ಅನೇಕ ಮನೆಗಳಲ್ಲಿ ಬೆಳಗಿನ ಪಾನೀಯವಾಗಿದೆ. ಇದು ಸರ್ವರೋಗಹರವೇ ಎಂದು ಸದ್ಭಕ್ತರು ನಮ್ಮನ್ನು ಮೇಲಿಂದ ಮೇಲೆ ಕೇಳುತ್ತಾರೆ.

ಆಯುರ್ವೇದದಲ್ಲಿ ಗೋಧೂಮವು ಮಧುರ ರಸ, ಶೀತ ವೀರ್ಯ, ಗುರು ಹಾಗೂ ಸ್ನಿಗ್ಧ ಗುಣಗಳುಳ್ಳದ್ದು. ವಾತಪಿತ್ತಶಾಮಕ, ಬಲಕಾರಕ ಮತ್ತು ಸಂಧಾನಕರ. ಆದರೆ ಇವೆಲ್ಲ ಕಾಳಿನ ಗುಣಗಳು. ಹುಲ್ಲಿನ ರಸವನ್ನು ಕುಡಿಯುವ ಈಗಿನ ರೂಢಿಯು 20ನೆಯ ಶತಮಾನದ ಅಮೆರಿಕದಿಂದ ಬಂದುದು. ಆನ್ ವಿಗ್ಮೋರ್ ಎಂಬವರು ಅದರ ಮುಖ್ಯ ಪ್ರಚಾರಕಿ.

ಈ ರಸದಲ್ಲಿ ಪತ್ರಹರಿತ್ತು, ‘ಸಿ’ ಮತ್ತು ‘ಕೆ’ ಜೀವಸತ್ವಗಳು ಇವೆ. ಇದನ್ನು ‘ಹಸಿರು ರಕ್ತ’ವೆಂದು ಕರೆಯುವುದುಂಟು. ಪತ್ರಹರಿತ್ತಿನ ರಚನೆ ಹಿಮೋಗ್ಲೋಬಿನ್ನಿನ ಹೀಮ್ ಭಾಗವನ್ನು ಹೋಲುತ್ತದೆ, ನಿಜ. ಆದರೆ ಅದರ ನಡುವೆ ಇರುವುದು ಮೆಗ್ನೀಸಿಯಂ. ಹೀಮಿನ ನಡುವೆ ಇರುವುದು ಕಬ್ಬಿಣ. ಶರೀರವು ಒಂದನ್ನು ಇನ್ನೊಂದಾಗಿ ಮಾರ್ಪಡಿಸಲಾರದು.

ಈ ಭೇದವನ್ನು ಮರೆತರೆ ಏನಾಗುವುದೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಐದು ತಿಂಗಳ ಗರ್ಭಿಣಿಯೊಬ್ಬಳು ಕಬ್ಬಿಣದ ಮಾತ್ರೆಗಳನ್ನು ಬಿಟ್ಟು ಎರಡು ತಿಂಗಳು ಈ ರಸವನ್ನೇ ನಂಬಿದ್ದಳು. ನಮ್ಮಲ್ಲಿಗೆ ಬಂದಾಗ ಹಿಮೋಗ್ಲೋಬಿನ್ 7 ಗ್ರಾಂಗೆ ಇಳಿದಿತ್ತು. ಕೂಡಲೇ ಆಸ್ಪತ್ರೆಗೆ ಕಳುಹಿಸಿದೆವು. ತಾಯಿ, ಮಗು ಕ್ಷೇಮವಾದರು. ಹಿಂದೊಮ್ಮೆ ಆಕೆಯ ಅತ್ತೆಯ ಮುಂದೆ ಈ ರಸವನ್ನು ಹೊಗಳಿದವರು ನಾವೇ. ಮಿತಿಯನ್ನು ಹೇಳದೆ ಗುಣವನ್ನಷ್ಟೇ ಹೇಳಿದ್ದು ನಮ್ಮ ತಪ್ಪು.

ಪಾಂಡುರೋಗಕ್ಕೆ ಚರಕಾಚಾರ್ಯರೇ ನವಾಯಸ ಚೂರ್ಣವನ್ನು ವಿಧಿಸಿದ್ದಾರೆ. ಅದರಲ್ಲಿ ಒಂಬತ್ತು ಮೂಲಿಕೆಗಳಿಗೆ ಸಮನಾಗಿ ಒಂಬತ್ತು ಭಾಗ ಲೋಹಚೂರ್ಣವಿದೆ. ಕಬ್ಬಿಣ ಬೇಕೆಂಬುದು ನಮ್ಮ ಪರಂಪರೆಗೂ ತಿಳಿದ ವಿಷಯವೇ. ಶಾಕಾಹಾರಿಗಳಿಗೆ ಅಗತ್ಯವಾದ ಬಿ-12 ಕೂಡ ಈ ಹುಲ್ಲಿನಿಂದ ದೊರೆಯದು. ಹಾಲು, ಮೊಸರುಗಳನ್ನು ಬಿಡಬಾರದು.

ಸೇವಿಸುವ ಕ್ರಮ: ಗೋಧಿಯನ್ನು ರಾತ್ರಿಯಿಡೀ ನೆನೆಸಿ, ಶುದ್ಧ ಮಣ್ಣಿನಲ್ಲಿ ಬಿತ್ತಿ, 7ರಿಂದ 10ನೆಯ ದಿನದೊಳಗೆ ಕತ್ತರಿಸಬೇಕು. ಬೂಷ್ಟು ಹಿಡಿದಿದ್ದರೆ ಎಸೆಯಬೇಕು. ಚೆನ್ನಾಗಿ ತೊಳೆದು, ಅರೆದು, ಸೋಸಿ, 30 ಮಿಲಿಲೀಟರಿನಷ್ಟು ರಸವನ್ನು ಆಗಲೇ ಕುಡಿಯಬೇಕು. ಜೀರ್ಣಶಕ್ತಿ ಮಂದವಿದ್ದವರು ಇನ್ನೂ ಕಡಿಮೆಯಿಂದ ಆರಂಭಿಸಲಿ.

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ‘ಕೆ’ ಜೀವಸತ್ವವು ಆ ಔಷಧಿಯ ಬಲವನ್ನು ಕುಗ್ಗಿಸುತ್ತದೆ. ಗೋಧಿ ಒಗ್ಗದವರಿಗೂ ಗರ್ಭಿಣಿಯರಿಗೂ ಹಸಿ ರಸ ಬೇಡ.

ಗೋಧಿ ಹುಲ್ಲನ್ನು ಸೊಪ್ಪಿನಂತೆ ಆಹಾರವೆಂದು ಸ್ವೀಕರಿಸೋಣ. ಅದಕ್ಕಾಗಿ ಯಾರೂ ನಡೆಯುತ್ತಿರುವ ಔಷಧಿಯನ್ನು ನಿಲ್ಲಿಸದಿರಲಿ.