ಮುಚ್ಚಿದ್ದ ಯಾರ್ಡಿನಲ್ಲಿ ಮತ್ತೆ ಹಡಗು

ಸಾಲ ತೀರಿಸಲಾಗದ ಕಂಪನಿಯನ್ನು ಮುಚ್ಚಲೇಬೇಕೆ? ಉಡುಪಿ ಜಿಲ್ಲೆಯ ಮಲ್ಪೆಯನ್ನು ನೋಡಿ. ಅಲ್ಲಿ ಟೆಬ್ಮಾ ಶಿಪ್‌ಯಾರ್ಡ್, ಕಡಲಿನ ತೈಲ ಬಾವಿಗಳಿಗೆ ಸಾಮಾನು ಒಯ್ಯುವ ಹಡಗುಗಳನ್ನು ಕಟ್ಟುತ್ತಿತ್ತು. ಸಾಲ ಹೆಚ್ಚಾಗಿ, ಅದು 2016ರ ದಿವಾಳಿ ಸಂಹಿತೆಯಡಿ ಬಂತು. ಈ ಕಾನೂನಿನಂತೆ, ಆಸ್ತಿಯನ್ನು ಬಿಡಿಬಿಡಿಯಾಗಿ ಮಾರುವ ಮೊದಲು ಕಂಪನಿ ನಡೆಸಬಲ್ಲವರನ್ನು ಹುಡುಕಬೇಕು. 2020ರಲ್ಲಿ ಸರ್ಕಾರಿ ಸ್ವಾಮ್ಯದ ಕೊಚ್ಚಿನ್ ಶಿಪ್‌ಯಾರ್ಡ್ ಅದನ್ನು ಕೊಂಡಿತು. ಈಗಿನ ಹೆಸರು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್. 2023ರಲ್ಲಿ ನಾರ್ವೆಯ ವಿಲ್ಸನ್ ಕಂಪನಿ ತಲಾ 3,800 ಟನ್ ಸಾಮರ್ಥ್ಯದ ಆರು ಸರಕು ಹಡಗುಗಳಿಗೆ ಆರ್ಡರ್ ಕೊಟ್ಟಿತು.

ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಕಡಲಿಲ್ಲ. ಆದರೆ ಹಡಗು ಕಟ್ಟಲು ವೆಲ್ಡರ್, ಫಿಟ್ಟರ್, ಎಲೆಕ್ಟ್ರಿಷಿಯನ್ ಬೇಕು. ಲೆಕ್ಕ ಬರೆಯುವವರೂ ಬೇಕು. ಯಾರ್ಡನ್ನು ಗುಜರಿಗೆ ಹಾಕಿದ್ದರೆ ಸಾಲಗಾರರಿಗೆ ಒಂದಿಷ್ಟು ಹಣ ಸಿಗುತ್ತಿತ್ತು, ಈ ಕೆಲಸಗಳು ಸಿಗುತ್ತಿರಲಿಲ್ಲ. ಐಟಿಐ ಓದುವ ಅಣ್ಣಂದಿರೂ ಕಾಮರ್ಸ್ ಓದುವ ನಾವೂ ನೆನಪಿಡಬೇಕಾದ ಲೆಕ್ಕ ಇದು.